ಬಟಾಣಿ ಹಾಕಿದ ಬೀಗ

'ಪಾಸ್‌ವರ್ಡ್ ತಪ್ಪಾಗಿದೆ. ಇನ್ನು ನಾಲ್ಕು ಅವಕಾಶಗಳಿವೆ.'

ಬಟಾಣಿ ಬಚ್ಚಲುಮನೆಯ ಬಾಗಿಲಿಗೆ ಚಿಲಕ ಹಾಕಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಕೈಯಲ್ಲಿ ತಾತನ ಫೋನ್. ಅಂಗೈ ಬೆವರಿ ಫೋನ್ ಜಾರುತ್ತಿತ್ತು.

ಹೊರಗೆ ತಾತ ಚಪ್ಪಾಳೆ ತಟ್ಟಿದರು. ಒಂದು, ಸ್ವಲ್ಪ ತಡೆದು ಇನ್ನೊಂದು. ಎರಡು ಚಪ್ಪಾಳೆ ಎಂದರೆ ಅವರ ಲೆಕ್ಕದಲ್ಲಿ 'ಎಲ್ಲಿದ್ದೀಯ?' ಎಂದು ಅರ್ಥ.

“ಮುಖ ತೊಳೀತಿದ್ದೀನಿ ತಾತ,” ಎಂದು ಕೂಗಿ ಬಟಾಣಿ ನಲ್ಲಿ ತಿರುಗಿಸಿದಳು. ಮುಖಕ್ಕೆ ಒಂದು ಹನಿಯನ್ನೂ ಹಾಕಿಕೊಳ್ಳಲಿಲ್ಲ. ನೀರಿನ ಸದ್ದು ಹೊರಗೆ ಕೇಳಿಸಿದರೆ ಅಷ್ಟೇ ಸಾಕಾಗಿತ್ತು.

ಬಟಾಣಿ ಎನ್ನುವುದು ಶಾಲೆಯ ಹಾಜರಿಯಲ್ಲಿರುವ ಹೆಸರಲ್ಲ. ತಾತ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಅವರಿಗೆ ಸಿಟ್ಟು ಬಂದರೂ ಪ್ರೀತಿ ಬಂದರೂ ಬಾಯಲ್ಲಿ ತರಕಾರಿಯೇ ಬರುತ್ತಿತ್ತು. ಹುಟ್ಟಿದ ಮೊಮ್ಮಗಳನ್ನು ಕೈಗೆ ಕೊಟ್ಟಾಗ, “ಏನಿದು, ಬಟಾಣಿ ಕಾಳಿನಷ್ಟಿದೆ,” ಎಂದಿದ್ದರಂತೆ. ಆ ಹೆಸರೇ ಗಟ್ಟಿಯಾಯಿತು.

ಆಗೆಲ್ಲ ತಾತನ ದನಿ ಎಂದರೆ ದನಿ. ಮೈಕ್ ಬೇಕಿರಲಿಲ್ಲ. ಟೊಮೇಟೊ ರಾಶಿಯ ಮುಂದೆ ನಿಂತು “ಒಂದ್ಸಲ, ಎರಡ್ಸಲ” ಎಂದು ಶುರು ಮಾಡಿದರೆ ಗೇಟಿನ ಆಚೆ ಲಾರಿಯಲ್ಲಿ ಮಲಗಿದ್ದ ಡ್ರೈವರ್ ಎದ್ದು ಕೂರುತ್ತಿದ್ದ. ಆಮೇಲೆ ತಾತನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಆಪರೇಷನ್ ಮಾಡಿ ಗಡ್ಡೆಯ ಜೊತೆಗೆ ದನಿ ಹೊರಡುವ ಜಾಗವನ್ನೂ ತೆಗೆಯಬೇಕಾಯಿತು. ಈಗ ತಾತ ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿರುವ ಸಣ್ಣ ದಾರಿಯಿಂದ. ಅದರ ಮೇಲೆ ಯಾವಾಗಲೂ ಒಂದು ಬಿಳಿ ಬಟ್ಟೆ.

ಆಪರೇಷನ್ನಿಗೆ ಮುಂಚೆ ಡಾಕ್ಟರು ಅಮ್ಮನಿಗೆ ಒಂದು ಮಾತು ಹೇಳಿದ್ದರು. ಬೇಕಾದ ಮಾತುಗಳನ್ನೆಲ್ಲ ಇವರ ದನಿಯಲ್ಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು. ಅಮ್ಮ ತಾತನ ಹಳೇ ಫೋನನ್ನೇ ಅವರ ಬಾಯಿಗೆ ಹಿಡಿದು ಕೂತಿದ್ದಳು. 'ಊಟ ಆಯ್ತಾ?' 'ಯಾರದು ಬಾಗಿಲಲ್ಲಿ?' 'ಕಾಫಿಗೆ ಸಕ್ಕರೆ ಹಾಕಿದ್ದೀಯೋ ಮರೆತಿದ್ದೀಯೋ?' 'ಬಟಾಣಿ, ತಟ್ಟೆ ಖಾಲಿ ಮಾಡು.' ಬೈಗುಳ ಬೇರೆ. ಒಂದು ದೊಡ್ಡ ನಗುವನ್ನೂ ರೆಕಾರ್ಡ್ ಮಾಡಿದ್ದರು. ಫೋನಿನ ಪರದೆಯ ಮೇಲೆ ಒಂದೊಂದು ಮಾತಿಗೆ ಒಂದೊಂದು ಬಟನ್. ತಾತ ಒತ್ತಿದರೆ ಸಾಕು, ಅವರ ಹಳೇ ದನಿ ಮನೆ ತುಂಬ ಕೇಳುತ್ತಿತ್ತು.

ಆ ಫೋನಿಗೇ ಬಟಾಣಿ ಬೀಗ ಹಾಕಿದ್ದಳು.

ತಪ್ಪು ಮಾಡಬೇಕೆಂದು ಹಾಕಿದ್ದಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಪರಿಚಯದ ಕೋರ್ಸ್ ನಡೆಯುತ್ತಿತ್ತು. ಕಂಪ್ಯೂಟರ್ ಮಿಸ್ ಪಾಸ್‌ವರ್ಡ್ ಪಾಠ ಮಾಡಿ, ಮನೆಯಲ್ಲಿರುವ ಒಂದು ಫೋನನ್ನಾದರೂ ಭದ್ರ ಮಾಡಿ ಬನ್ನಿ ಎಂದು ಹೋಮ್‌ವರ್ಕ್ ಕೊಟ್ಟಿದ್ದರು. ಪಾಸ್‌ವರ್ಡ್ ಹೆಸರಾಗಿರಬಾರದು, ಹುಟ್ಟಿದ ದಿನ ಆಗಿರಬಾರದು, ಯಾರಿಗೂ ಹೇಳಬಾರದು, ಎಲ್ಲೂ ಬರೆದಿಡಬಾರದು. ನಿಮಗೆ ಮಾತ್ರ ಗೊತ್ತಿರುವ ಒಂದು ವಾಕ್ಯ ತಗೊಂಡು ಅದರ ಮೊದಲಕ್ಷರಗಳನ್ನು ಜೋಡಿಸಿ ಎಂದೂ ಉಪಾಯ ಹೇಳಿದ್ದರು.

ತಾತನ ಫೋನಿನ ಪಾಸ್‌ವರ್ಡ್ ಒಂದು ಎರಡು ಮೂರು ನಾಲ್ಕು. ಬಟಾಣಿಗೆ ನಾಚಿಕೆಯೇ ಆಯಿತು. ಮಧ್ಯಾಹ್ನ ತಾತ ಮಲಗಿದ್ದಾಗ ಕಿಟಕಿಯ ಹತ್ತಿರ ಕೂತು, 'ನನ್ನ ತಾತ ಕೂಗಿದರೆ ಮಾರ್ಕೆಟ್ಟೇ ಎದ್ದು ನಿಲ್ಲುತ್ತದೆ' ಎಂಬ ವಾಕ್ಯ ಮಾಡಿಕೊಂಡು ಅದರ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಒತ್ತಿದಳು. ಫೋನ್ ಒಪ್ಪಲಿಲ್ಲ. ಒಂದು ಅಂಕಿಯೂ ಬೇಕೆಂದಿತು. ಅಂಕಿ ಹಾಕಿದಳು. ದೊಡ್ಡಕ್ಷರ ಬೇಕೆಂದಿತು. ಹಾಕಿದಳು. ಚಿಹ್ನೆ ಬೇಕೆಂದಿತು. ಅಷ್ಟರಲ್ಲಿ ತಾತ ಕೆಮ್ಮಿ ಮಗ್ಗುಲಾದರು, ಮಂಚ ಕಿರುಗುಟ್ಟಿತು. ಬಟಾಣಿ ಗಡಿಬಿಡಿಯಲ್ಲಿ ಏನೋ ಒತ್ತಿ, ಅದನ್ನೇ ಇನ್ನೊಮ್ಮೆ ಒತ್ತಿ, ಫೋನನ್ನು ಮತ್ತೆ ಚಾರ್ಜಿಗೆ ಸಿಕ್ಕಿಸಿಬಿಟ್ಟಳು.

ಅದಕ್ಕೂ ಮೊದಲೇ ಇನ್ನೊಂದು ಜಾಣತನ ಮಾಡಿ ಆಗಿತ್ತು. ಹತ್ತು ಸಲ ತಪ್ಪಾದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸು ಎಂಬ ಒಂದು ಸೆಟಿಂಗ್ ಕಂಡಿತ್ತು. ಕಳ್ಳನಿಗೆ ಏನೂ ಸಿಗಬಾರದಲ್ಲ ಎಂದು ಅದನ್ನೂ ಆನ್ ಮಾಡಿದ್ದಳು.

ಸಂಜೆ ಜಂಬದಿಂದ ತಾತನಿಗೆ ತೋರಿಸಲು ಹೊರಟಾಗ ಬೀಗ ತೆಗೆಯಲು ಬರಲಿಲ್ಲ. ವಾಕ್ಯ ನೆನಪಿತ್ತು. ಯಾವುದು ದೊಡ್ಡಕ್ಷರ, ಅಂಕಿ ಎಲ್ಲಿ, ಚಿಹ್ನೆ ಯಾವುದು, ಒಂದೂ ನೆನಪಿರಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮನೆ ಬಿಕೋ ಎನ್ನುತ್ತಿತ್ತು. ತಾತ ಪಕ್ಕದಲ್ಲಿ ಫೋನಿಗಾಗಿ ತಡವಿದರು. ಆಮೇಲೆ ಸ್ಲೇಟ್ ಎತ್ತಿಕೊಂಡು 'ಚಾರ್ಜ್ ಇಲ್ಲ' ಎಂದು ಬರೆದು ಅಮ್ಮನಿಗೆ ತೋರಿಸಿದರು. ಬಟಾಣಿ ಹಾಗೆಂದು ಹೇಳಿದ್ದಳು, ಅವರು ನಂಬಿದ್ದರು. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಬಂದ ಅಮ್ಮನಿಗೆ ಕಣ್ಣು ಎಳೆಯುತ್ತಿತ್ತು. ನಾಳೆ ನೋಡೋಣ ಎಂದಳು.

ಬಟಾಣಿ ಯಾರೂ ಹೇಳದೆ ತಟ್ಟೆ ಖಾಲಿ ಮಾಡಿದಳು. ಒಂದು ತುತ್ತೂ ರುಚಿಸಲಿಲ್ಲ.

ಬೆಳಿಗ್ಗೆ ಅವಳು ಇನ್ನೊಂದು ಸುಳ್ಳು ಹೇಳಿದಳು. ಫೋನ್ ಆನ್ ಆಗುತ್ತಿಲ್ಲ, ಕಂಪ್ಯೂಟರ್ ಮಿಸ್ ಸರಿ ಮಾಡಿ ಕೊಡುತ್ತಾರೆ ಎಂದಳು. ತಾತ ಫೋನನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ಅವಳ ಬ್ಯಾಗಿಗೆ ಹಾಕಿ, ಬೆನ್ನು ತಟ್ಟಿ ಕಳಿಸಿದರು. ದಾರಿಯುದ್ದಕ್ಕೂ ಬ್ಯಾಗಿನಲ್ಲಿ ಕಲ್ಲು ಹೊತ್ತ ಹಾಗಿತ್ತು. ಶಾಲೆ ತಲುಪಿದವಳೇ ಟಾಯ್ಲೆಟ್ಟಿಗೆ ಹೋಗಿ ಇನ್ನೊಂದು ಸಲ ನೋಡಿದಳು. 'ಇನ್ನು ಮೂರು ಅವಕಾಶಗಳಿವೆ.'

ಅದು ಕೋರ್ಸಿನ ಕೊನೆಯ ತರಗತಿ. ಕಂಪ್ಯೂಟರ್ ರೂಮಿನಲ್ಲಿ ಇಬ್ಬಿಬ್ಬರಿಗೆ ಒಂದು ಕಂಪ್ಯೂಟರ್. ಬಟಾಣಿಯ ಜೊತೆ ಕೂರುವವನು ಸೊಳ್ಳೆ. ಕಿವಿಯ ಹತ್ತಿರ ಸದಾ ಗುಂಯ್‌ಗುಡುವುದರಿಂದ ಅವನಿಗೆ ಆ ಹೆಸರು. ಹೋಮ್‌ವರ್ಕ್ ಯಾರು ಮಾಡಿದ್ದೀರಿ ಎಂದು ಮಿಸ್ ಕೇಳಿದಾಗ ಸೊಳ್ಳೆ ಎರಡೂ ಕೈ ಎತ್ತಿ, ಅಪ್ಪನ ಫೋನಿಗೆ ಅಪ್ಪನ ಹೆಸರನ್ನೇ ಪಾಸ್‌ವರ್ಡ್ ಹಾಕಿದ್ದೀನಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಬಟಾಣಿ ಅರ್ಧ ಕೈ ಎತ್ತಿದಳು.

“ವೆರಿ ಗುಡ್. ಯಾರಿಗೂ ಹೇಳಿಲ್ಲ ತಾನೇ?” ಎಂದರು ಮಿಸ್.

“ಇಲ್ಲ ಮಿಸ್,” ಎಂದಳು ಬಟಾಣಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಮಿಸ್ ಆಮೇಲೆ ಬ್ಯಾಕಪ್ ಎಂದರೇನು ಎಂದು ಪಾಠ ಮಾಡಿದರು. ಮುಖ್ಯವಾದದ್ದು ಒಂದೇ ಕಡೆ ಇರಬಾರದು, ಇನ್ನೊಂದು ಕಡೆಯೂ ಪ್ರತಿ ಇರಬೇಕು, ಇಲ್ಲದಿದ್ದರೆ ಹೋದದ್ದು ಹೋದಂತೆಯೇ ಎಂದರು. ಅಮ್ಮ ಎಷ್ಟೋ ಸಲ ತಾತನ ಮಾತುಗಳನ್ನು ತನ್ನ ಫೋನಿಗೂ ಹಾಕಿಕೊಳ್ಳಬೇಕು ಎಂದಿದ್ದು ಬಟಾಣಿಗೆ ನೆನಪಾಯಿತು. ಪ್ರತಿ ಸಲವೂ ಅದು ನಾಳೆಗೆ ಹೋಗಿತ್ತು. ಈ ಪಾಠವನ್ನು ಪಾಸ್‌ವರ್ಡಿಗಿಂತ ಮೊದಲು ಮಾಡಬಾರದಿತ್ತೇ ಎಂದು ಮಿಸ್ ಮೇಲೆ ಸಿಟ್ಟೂ ಬಂತು.

ಕೊನೆಗೆ ಮಿಸ್ ಬೋರ್ಡಿನ ಮೇಲೆ 'ಈ ಕೋರ್ಸಿನಲ್ಲಿ ನಾನು ಕಲಿತದ್ದು' ಎಂದು ಬರೆದು, ಅನಿಸಿದ್ದನ್ನು ಟೈಪ್ ಮಾಡಿ ಎಂದರು. ಚೆನ್ನಾಗಿತ್ತು ಎಂದು ಸುಮ್ಮನೆ ಹೊಗಳಬೇಡಿ, ನಿಜ ಬರೆಯಿರಿ ಎಂದೂ ಸೇರಿಸಿದರು.

ಸೊಳ್ಳೆ ಮೊದಲು ಟೈಪ್ ಮಾಡಿದ. ಫೋಲ್ಡರ್ ಒಳಗೆ ಫೋಲ್ಡರ್ ಮಾಡಲು ಕಲಿತೆ, ಅದರೊಳಗೆ ನನ್ನ ಚಿತ್ರ ಇಟ್ಟೆ, ಈಗ ಅದು ಎಲ್ಲಿದೆಯೋ ಗೊತ್ತಿಲ್ಲ ಎಂದು ಬರೆದು ಕೀಬೋರ್ಡನ್ನು ಬಟಾಣಿಯ ಕಡೆ ತಳ್ಳಿದ.

ಬಟಾಣಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. 'ಕಂಪ್ಯೂಟರ್ ಆನ್ ಮಾಡಲು, ಆಫ್ ಮಾಡಲು ಕಲಿತೆ. ಮೊದಲು ಮೌಸ್ ಮುಟ್ಟಲು ಹೆದರಿಕೆ ಆಗುತ್ತಿತ್ತು. ಈಗ ಆಗುವುದಿಲ್ಲ. ತಪ್ಪಾದರೆ ಅನ್‌ಡೂ ಮಾಡಬಹುದು. ಅದು ನನಗೆ ಎಲ್ಲಕ್ಕಿಂತ ಇಷ್ಟ.' ಇಷ್ಟು ಬರೆದು ನಿಲ್ಲಿಸಿದಳು. ಕಣ್ಣು ಮಂಜಾಯಿತು. ಮತ್ತೆ ಒತ್ತಿದಳು. 'ಬೀಗ ಹಾಕುವುದು ಕಲಿತೆ. ಮರೆತರೆ ಏನು ಮಾಡಬೇಕು ಎಂದು ಮಿಸ್ ಹೇಳಿಕೊಡಲಿಲ್ಲ.'

ಹಿಂದೆ ಯಾರೋ ನಿಂತ ಹಾಗಾಯಿತು. ಮಿಸ್ ಓದುತ್ತಿದ್ದರು. ಬೆಲ್ ಹೊಡೆದು ಎಲ್ಲರೂ ಹೋಗುವವರೆಗೆ ಕಾದು, ಸೊಳ್ಳೆ ಎದ್ದುಹೋದ ಕುರ್ಚಿಯಲ್ಲಿ ಕೂತರು. ಬಟಾಣಿ ಕರವಸ್ತ್ರ ಬಿಚ್ಚಿ ಫೋನ್ ಮುಂದಿಟ್ಟಳು. ಅಳುತ್ತ, ಬಿಕ್ಕುತ್ತ, ಎಲ್ಲವನ್ನೂ ಹೇಳಿದಳು.

ಮಿಸ್ ಮುಖ ಸಪ್ಪಗಾಯಿತು. ಕಂಪ್ಯೂಟರ್ ಮಿಸ್‌ಗೆ ಏನಾದರೊಂದು ದಾರಿ ಗೊತ್ತಿದ್ದೇ ಇರುತ್ತದೆ ಎಂದು ಬಟಾಣಿ ರಾತ್ರಿಯೆಲ್ಲ ನಂಬಿಕೊಂಡಿದ್ದಳು. ಮಿಸ್ ಫೋನನ್ನು ತಿರುಗಿಸಿ ನೋಡಿ ಮೆಲ್ಲಗೆ ಕೆಳಗಿಟ್ಟರು.

“ಇದನ್ನ ತೆಗೆಯೋಕೆ ನನ್ನಿಂದ ಆಗಲ್ಲ ಪುಟ್ಟಾ. ಅಂಗಡಿಯವರು ತೆಗೀತಾರೆ, ಆದ್ರೆ ಒಳಗಿರೋದನ್ನೆಲ್ಲ ಅಳಿಸಿ ತೆಗೀತಾರೆ. ಹೋಮ್‌ವರ್ಕ್ ಕೊಡೋ ಮುಂಚೆ ನಾನು ಯೋಚನೆ ಮಾಡ್ಬೇಕಿತ್ತು. ನಿಮ್ಮ ತಾತನಿಗೆ ಗೊತ್ತಾ?”

ಬಟಾಣಿ ತಲೆ ಅಲ್ಲಾಡಿಸಿದಳು.

“ಮೊದಲು ಅವರಿಗೆ ಹೇಳು. ಫೋನ್ ಅವರದ್ದು.”

ಆಮೇಲೆ ಮಿಸ್ ಇನ್ನೊಂದು ಮಾತು ಹೇಳಿದರು. ಕೆಲವು ಸಲ ತಲೆಗೆ ಮರೆತದ್ದು ಬೆರಳಿಗೆ ನೆನಪಿರುತ್ತದೆ. ಅವತ್ತು ಕೂತಿದ್ದ ಜಾಗದಲ್ಲೇ ಕೂತು, ಹಿಡಿದಿದ್ದ ಹಾಗೇ ಹಿಡಿದು ನೋಡು. ಆದರೆ ಹೇಳದೆ ಮಾತ್ರ ಇನ್ನು ಮುಟ್ಟಬೇಡ ಎಂದರು.

ಬಟಾಣಿ ಕರವಸ್ತ್ರದ ಗಂಟನ್ನು ಕೈಯಲ್ಲೇ ಹಿಡಿದು ಮನೆಗೆ ಬಂದಳು. ತಾತ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಅವಳನ್ನು ಕಂಡ ತಕ್ಷಣ ಕೈ ಮುಂದೆ ಚಾಚಿದರು. ಫೋನ್ ಸರಿ ಹೋಗಿರುತ್ತದೆ ಎಂದುಕೊಂಡಿದ್ದರು.

“ತಾತ, ಫೋನ್ ಕೆಟ್ಟಿಲ್ಲ. ನಾನು ಬೀಗ ಹಾಕ್ಬಿಟ್ಟೆ. ಮರೆತುಹೋಗಿದೆ. ಇನ್ನು ಮೂರು ಸಲ ತಪ್ಪಾದ್ರೆ ನಿಮ್ಮ ದನಿಯೆಲ್ಲ ಅಳಿಸಿಹೋಗುತ್ತೆ,” ಎಂದು ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚಿಕೊಂಡಳು.

ಏನೂ ಆಗಲಿಲ್ಲ. ಬೈಯಲು ಬೇಕಾದ ಮಾತೂ ಆ ಫೋನಿನೊಳಗೇ ಇತ್ತು.

ಕಣ್ಣು ತೆರೆದಾಗ ತಾತ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸ್ಲೇಟ್ ತಗೊಂಡು ಏನೋ ಬರೆಯಲು ಹೋದರು. ಬಳಪ ಮುರಿಯಿತು. ಲಾರಿ ಡ್ರೈವರುಗಳು ಕೈಕೈ ಮಿಲಾಯಿಸಿದಾಗ ನಡುವೆ ನುಗ್ಗಿ ಬಿಡಿಸುತ್ತಿದ್ದ ತಾತ, ಆಪರೇಷನ್ನಿಗೆ ಹೋಗುವಾಗಲೂ ತಮಾಷೆ ಮಾಡುತ್ತಿದ್ದ ತಾತ, ಈಗ ಹೆದರಿದ್ದರು. ಅದನ್ನು ಕಂಡು ಬಟಾಣಿಗೆ ಇನ್ನೂ ಹೆದರಿಕೆಯಾಯಿತು. ಅವರು ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ತಾತ ಎದ್ದು ಮುಖ ತೊಳೆದು ಬಂದು, ಮುರಿದ ಬಳಪದಲ್ಲಿ 'ಎಲ್ಲಿ ಕೂತಿದ್ದೆ?' ಎಂದು ಬರೆದರು.

ಬಟಾಣಿ ಮಿಸ್ ಹೇಳಿದ್ದನ್ನು ಹೇಳಿ ಕಿಟಕಿಯ ಹತ್ತಿರ ಕೂತಳು. ತಾತ ಒಂದು ಗಳಿಗೆ ಯೋಚಿಸಿ, ಹೋಗಿ ತಮ್ಮ ಮಂಚದ ಮೇಲೆ ಮಲಗಿದರು. ಹೊದಿಕೆ ಎಳೆದುಕೊಂಡರು. ಕಣ್ಣು ಮುಚ್ಚಿದರು. ನಿನ್ನೆ ಹೇಗಿತ್ತೋ ಹಾಗೇ ಇರಲಿ ಎಂದು ನಿದ್ದೆಯ ನಾಟಕ ಮಾಡುತ್ತಿದ್ದರು. ಬಟಾಣಿ ಅಕ್ಷರ ಒತ್ತಲು ಶುರು ಮಾಡಿದಾಗ ಕೆಮ್ಮಿ ಮಗ್ಗುಲಾದರು. ಮಂಚ ಕಿರುಗುಟ್ಟಿತು. ಬಟಾಣಿಯ ಹೆಬ್ಬೆರಳು ತಾನಾಗಿ ಓಡಿತು.

'ಪಾಸ್‌ವರ್ಡ್ ತಪ್ಪಾಗಿದೆ. ಇನ್ನು ಎರಡು ಅವಕಾಶಗಳಿವೆ.'

ತಾತ ಎದ್ದು ನೋಡಿ, ಮತ್ತೆ ಮಲಗಿದರು. ಮತ್ತೆ ಕೆಮ್ಮಿದರು. ಈ ಸಲ ಬಟಾಣಿ ನಿನ್ನೆಯಂತೆಯೇ ಗಾಬರಿ ಬಿದ್ದು ಒತ್ತಿದಳು. ಸುಳ್ಳು ಗಾಬರಿ ಏನೂ ಬೇಕಾಗಿರಲಿಲ್ಲ.

'ಇನ್ನು ಒಂದು ಅವಕಾಶವಿದೆ.'

ಅಷ್ಟರಲ್ಲಿ ಬಟಾಣಿಗೆ ಒಂದು ಯೋಚನೆ ಬಂತು. ಚಿಹ್ನೆ ಕೊನೆಯಲ್ಲಿ ಅಲ್ಲ, ಮೊದಲೇ ಇತ್ತು. ಹೌದು, ಮೊದಲೇ ಇತ್ತು. ಖಂಡಿತ.

“ನೆನಪಾಯ್ತು ತಾತ, ಈ ಸಲ ಸರಿಯಾಗುತ್ತೆ,” ಎಂದು ಅವಳು ತಲೆ ಎತ್ತದೆ ಒತ್ತತೊಡಗಿದಳು. ಚಿಹ್ನೆ ಬಿತ್ತು. ಅಕ್ಷರಗಳು ಬಿದ್ದವು. ಅಂಕಿ ಬಿತ್ತು. ತಾತ ಮಂಚದಿಂದ ಏಳಲು ಹೋಗಿ ಹೊದಿಕೆಯಲ್ಲಿ ಕಾಲು ಸಿಕ್ಕಿಸಿಕೊಂಡರು. ಚಪ್ಪಾಳೆ ತಟ್ಟಿದರು. ಮತ್ತೆ ತಟ್ಟಿದರು. ಬಟಾಣಿಗೆ ಕೇಳಿಸಲೇ ಇಲ್ಲ. ಇನ್ನು 'ಸರಿ' ಎಂಬ ಬಟನ್ ಒತ್ತುವುದೊಂದೇ ಬಾಕಿ. ಹೆಬ್ಬೆರಳು ಅದರ ಮೇಲೆಯೇ ಇತ್ತು.

“ಬೇಡ.”

ಬಟಾಣಿ ಬೆಚ್ಚಿಬಿದ್ದಳು. ತುಕ್ಕು ಹಿಡಿದ ಗೇಟು ಎಳೆದ ಹಾಗಿತ್ತು ಆ ದನಿ. ಬಾಗಿಲಲ್ಲಿ ಯಾರೋ ಬಂದಿದ್ದಾರೆ ಎಂದು ನೋಡಿದಳು. ಯಾರೂ ಇರಲಿಲ್ಲ. ಮಂಚದ ಅಂಚಿನಲ್ಲಿ ಕೂತ ತಾತನ ಮುಖ ಕೆಂಪಗಾಗಿತ್ತು. ಅವರ ಕೈ ಅವರ ಹೊಟ್ಟೆಯ ಮೇಲಿತ್ತು.

ಆಸ್ಪತ್ರೆಯವರು ಅವರಿಗೆ ಗಾಳಿ ನುಂಗಿ, ತೇಗಿನ ಹಾಗೆ ಹೊರಗೆ ಬಿಟ್ಟು ಮಾತಾಡುವುದನ್ನು ಹೇಳಿಕೊಟ್ಟಿದ್ದರು. ದಿನಾ ಅಭ್ಯಾಸ ಮಾಡಿದರೆ ಬರುತ್ತದೆ ಎಂದಿದ್ದರು. ಮನೆಗೆ ಬಂದ ಮೇಲೆ ತಾತ ಸ್ವಲ್ಪ ದಿನ ಮಾಡಿ, ಈ ಕಪ್ಪೆ ದನಿ ಯಾರಿಗೆ ಬೇಕು ಎಂದು ಸ್ಲೇಟಿನಲ್ಲಿ ಬರೆದು ಬಿಟ್ಟುಬಿಟ್ಟಿದ್ದರು. ಫೋನಿನಲ್ಲಿ ಅಷ್ಟು ಚೆಂದದ ದನಿ ಇರುವಾಗ ಇದರ ಗೊಡವೆ ಯಾಕೆ ಎಂದು ಎಲ್ಲರೂ ಸುಮ್ಮನಾಗಿದ್ದರು.

ಬಟಾಣಿ ಹೆಬ್ಬೆರಳನ್ನು ಹಿಂದಕ್ಕೆ ತಂದಳು. ಹಾಕಿದ್ದನ್ನೆಲ್ಲ ಒಂದೊಂದಾಗಿ ಅಳಿಸಿದಳು. ಅದು ಸರಿಯಾಗಿತ್ತೋ ತಪ್ಪಾಗಿತ್ತೋ ಗೊತ್ತಾಗಲಿಲ್ಲ. ಫೋನನ್ನು ಕರವಸ್ತ್ರದಲ್ಲಿ ಸುತ್ತಿ ತಾತನ ಕೈಗೆ ಕೊಟ್ಟು, ಅವರ ಪಕ್ಕ ಮಂಚದ ಮೇಲೆ ಕೂತು ಜೋರಾಗಿ ಅತ್ತಳು.

ಸಂಜೆ ಅಮ್ಮ ಬಂದಾಗ ಬಟಾಣಿಯೇ ಹೇಳಿದಳು. ಅಮ್ಮ ಮೊದಲು ಕೂಗಾಡಿದಳು. ಆಮೇಲೆ ನಾಳೆ ನಾಳೆ ಎಂದು ತಳ್ಳಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಆಮೇಲೆ ಫೋನನ್ನು ಬೀರುವಿನಲ್ಲಿ, ತನ್ನ ಒಳ್ಳೆಯ ಬಟ್ಟೆಗಳ ಕೆಳಗೆ ಇಟ್ಟು ಬೀರು ಮುಚ್ಚಿದಳು. ಅದರೊಳಗೆ ತಾತನ ದನಿ ಇನ್ನೂ ಇತ್ತು. ಯಾರೂ ಕೇಳುವ ಹಾಗಿರಲಿಲ್ಲ, ಅಷ್ಟೇ. ಆ ಬೀರುವಿನ ಕಡೆ ನೋಡಲು ಬಟಾಣಿಗೆ ಭಯವಾಗುತ್ತಿತ್ತು.

ಊಟಕ್ಕೆ ಕೂತಾಗ ಅಮ್ಮನ ಕಣ್ಣು ಊದಿತ್ತು. ಬಟಾಣಿಯ ಮುಖ ನೋಡದೆಯೇ ಅವಳಿಗೆ ಬಡಿಸಿದಳು. ತಾತನಿಗೆ ಅನ್ನ ಹಾಕಿ, ಇನ್ನೊಂದು ಸೌಟು ತುಂಬಿಸಿಕೊಂಡು ಅಭ್ಯಾಸದಂತೆ ಕೇಳಿದಳು.

“ಅಪ್ಪಾ, ಇನ್ನೊಂದಿಷ್ಟು ಹಾಕ್ಲಾ?”

ತಾತ ಗಾಳಿ ನುಂಗಿದರು. “ಬೇಡ.”

ಅಮ್ಮನ ಸೌಟು ಅಲ್ಲೇ ನಿಂತಿತು. ಬೇಡ ಎಂಬ ಮಾತನ್ನು ಆಪರೇಷನ್ನಿಗೆ ಮುಂಚೆ ಅವರು ರೆಕಾರ್ಡ್ ಮಾಡಿರಲಿಲ್ಲ. ಅದಕ್ಕೆ ತಲೆ ಅಲ್ಲಾಡಿಸಿದರೆ ಸಾಕಲ್ಲ ಎಂದುಕೊಂಡಿದ್ದರು. ಅಮ್ಮ ತಾತನ ಬಾಯನ್ನೇ ನೋಡಿದಳು. ಒರಟಾಗಿ, ಒಡೆದುಹೋಗಿ ಬಂದ ಆ ಸದ್ದು ಎಲ್ಲಿಂದ ಬಂತು ಎಂದು ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅವಳು ಸೌಟಿನ ಅನ್ನವನ್ನು ಮತ್ತೆ ಪಾತ್ರೆಗೆ ಹಾಕಲಿಲ್ಲ. ಸುಮ್ಮನೆ ಅದನ್ನೇ ತಾತನ ತಟ್ಟೆಗೆ ಸುರಿದಳು. ಇನ್ನೊಂದು ಸೌಟು ತುಂಬಿಸಿದಳು.

“ಇನ್ನೊಂದಿಷ್ಟು ಹಾಕ್ಲಾ ಅಪ್ಪಾ?”

“ಬೇ... ಡ.”

ಅದನ್ನೂ ಸುರಿದಳು. ಮತ್ತೆ ತುಂಬಿಸಿದಳು. ತಟ್ಟೆಯಲ್ಲಿ ಅನ್ನ ಗುಡ್ಡವಾಗುತ್ತಿತ್ತು. ಬೇರೆ ದಿನವಾಗಿದ್ದರೆ ಬಟಾಣಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅವಳು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, ಚೂರೂ ಸದ್ದು ಮಾಡದೆ, ತಾತ ಮತ್ತೆ ಗಾಳಿ ನುಂಗುವುದನ್ನೇ ಕಾಯುತ್ತ ಕೂತಳು.